ಕಣಜಕ್ಕೆ ಭತ್ತ, ಬುತ್ತಿಗೆ ಅವಲಕ್ಕಿ

ಈಚೆಗೆ ಕೊಂಡ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕಲು ಜಾಗವೇ ಇಲ್ಲ. ಬೀರುವಿನಲ್ಲಿ ಮಾತ್ರ ಮುನ್ನೂರು ಚಿಲ್ಲರೆ ಸಿ.ಡಿ.ಗಳು ಕೂತಿವೆ. ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲರ ಗಾಯನ, ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ಸಿ. ಅಶ್ವತ್ಥರ ಭಾವಗೀತೆ, ಒಂದಷ್ಟು ಯಕ್ಷಗಾನ. ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ತಂದು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಲು ಕೂತಾಗ ತಂತ್ರಾಂಶ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಯಾವ ಫಾರ್ಮ್ಯಾಟಿನಲ್ಲಿ ಉಳಿಸಲಿ?

ಇದೇ ಪ್ರಶ್ನೆಗೆ 2003ರಲ್ಲಿ ನಾನು ತಪ್ಪು ಉತ್ತರ ಕೊಟ್ಟಿದ್ದೆ. ಆಗಿನ ನನ್ನ ಕಂಪ್ಯೂಟರಿನ ಹಾರ್ಡ್ ಡಿಸ್ಕ್ 40 ಜಿಬಿ. ಜಾಗ ಉಳಿಯಲೆಂದು ಎಲ್ಲವನ್ನೂ 128 ಕೆಬಿಪಿಎಸ್ ಎಂಪಿ3 ಮಾಡಿದೆ. ಆಮೇಲೆ ಕೆಲವು ಸಿ.ಡಿ.ಗಳು ಕೇಳಿದವರ ಕೈಸೇರಿ ಹಿಂದಿರುಗಲಿಲ್ಲ, ಕೆಲವು ಗೀರು ಬಿದ್ದು ಓದಲಾರದಂತಾದವು. ಅವುಗಳ ಪಾಲಿಗೆ ಈಗ ನನ್ನ ಬಳಿ ಉಳಿದಿರುವುದು ಆ ಸೊರಗಿದ ಫೈಲುಗಳಷ್ಟೇ. ಹೀಗಾಗಿ ಈ ಸಲ ಉತ್ತರ ಹೇಳುವ ಮುಂಚೆ ಇಡೀ ವಿಷಯವನ್ನು ಬುಡದಿಂದ ನೋಡಬೇಕೆನಿಸಿತು.

ಬುಡ ಎಂದರೆ ಸಿ.ಡಿ.ಯಲ್ಲಿ ಇರುವುದೇನು ಎಂಬುದು. ಫಿಲಿಪ್ಸ್ ಮತ್ತು ಸೋನಿ ಸೇರಿ 1980ರಲ್ಲಿ ರೂಪಿಸಿದ, ‘ರೆಡ್ ಬುಕ್’ ಎಂದು ಕರೆಯುವ ನಿಯಮಾವಳಿಯೇ ಇಂದಿಗೂ ಆಡಿಯೋ ಸಿ.ಡಿ.ಯ ಶಾಸ್ತ್ರಗ್ರಂಥ. ಅದರ ಪ್ರಕಾರ ಎಡ ಬಲ ಎರಡೂ ಚಾನೆಲ್‌ಗಳಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡಬೇಕು. 44,100 ಎಂಬ ವಿಚಿತ್ರ ಸಂಖ್ಯೆ ಬಂದದ್ದು ವಿಡಿಯೋ ಟೇಪಿನಿಂದ. ಆ ಕಾಲದಲ್ಲಿ ಡಿಜಿಟಲ್ ಧ್ವನಿಯನ್ನು ವಿಡಿಯೋ ಟೇಪಿನ ಮೇಲೆ ಅಚ್ಚೊತ್ತುತ್ತಿದ್ದರು. ಒಂದೊಂದು ಗೆರೆಗೆ 3 ಅಳತೆ, ಒಂದು ಫೀಲ್ಡಿಗೆ 245 ಗೆರೆ, ಸೆಕೆಂಡಿಗೆ 60 ಫೀಲ್ಡ್, ಗುಣಿಸಿದರೆ 44,100. ಮನುಷ್ಯನ ಕಿವಿಯ ಮೇಲಿನ ಮಿತಿ ಸುಮಾರು 20,000 ಹರ್ಟ್ಸ್. ಅದನ್ನು ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಸಾಕು, ಈ ಸಂಖ್ಯೆ ಅದಕ್ಕೆ ಹೊಂದುತ್ತಿತ್ತು.

ಲೆಕ್ಕ ಹಾಕಿದರೆ ಸೆಕೆಂಡಿಗೆ 14,11,200 ಬಿಟ್, ಅಂದರೆ ಸುಮಾರು 1,411 ಕೆಬಿಪಿಎಸ್. ಒಂದು ಗಂಟೆಯ ಸಿ.ಡಿ. ಹಾಗೆಯೇ ಇಳಿಸಿದರೆ 635 ಎಂಬಿ. ನನ್ನ ಹಳೆಯ 40 ಜಿಬಿ ಡಿಸ್ಕಿನಲ್ಲಿ ಬೇರೇನೂ ಇಲ್ಲದಿದ್ದರೂ ಅರವತ್ತು ಚಿಲ್ಲರೆ ಸಿ.ಡಿ. ಹಿಡಿಯುತ್ತಿದ್ದವು. ಅದನ್ನೇ 128 ಕೆಬಿಪಿಎಸ್ ಎಂಪಿ3 ಮಾಡಿದರೆ ಗಂಟೆಗೆ 58 ಎಂಬಿಯೂ ಆಗದು. ಎಂಪಿ3 ಗೆದ್ದದ್ದು ಈ ಹನ್ನೊಂದು ಪಟ್ಟಿನ ಉಳಿತಾಯದಿಂದ. 2001ರ ಅಕ್ಟೋಬರಿನಲ್ಲಿ ಬಂದ ಮೊದಲ ಐಪಾಡ್‌ನಲ್ಲಿ ಇದ್ದದ್ದು 5 ಜಿಬಿ. ಸಾವಿರ ಹಾಡು ಕಿಸೆಯಲ್ಲಿ ಎಂಬ ಅದರ ಮಾತು ನಿಜವಾಗಲು ಹಾಡುಗಳು 160 ಕೆಬಿಪಿಎಸ್‌ಗೆ ಕುಗ್ಗಲೇಬೇಕಿತ್ತು.

ಹಾಗಾದರೆ ಉಳಿದ ಹತ್ತು ಪಾಲು ಎಲ್ಲಿ ಹೋಯಿತು? ಜರ್ಮನಿಯ ಎರ್ಲಾಂಗೆನ್‌ನಲ್ಲಿರುವ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಝ್ ಬ್ರಾಂಡನ್‌ಬುರ್ಗ್ ಮತ್ತು ಅವರ ಸಂಗಡಿಗರು ಮಾಡಿದ ಕೆಲಸ ಕಿವಿಯ ಸ್ವಭಾವದ ಮೇಲೆ ನಿಂತಿದೆ. ದೊಡ್ಡ ಸದ್ದೊಂದು ಕೇಳುವಾಗ ಅದರ ಮಗ್ಗುಲಲ್ಲಿರುವ ಸಣ್ಣ ಸದ್ದು ನಮಗೆ ಕೇಳಿಸದು. ಕೇಳದ್ದನ್ನು ಅಷ್ಟು ನಿಖರವಾಗಿ ಬರೆದಿಡುವ ಅಗತ್ಯವಿಲ್ಲ. ಅಲ್ಲಿ ಒರಟಾಗಿ ಬರೆದು ಬಿಟ್ ಉಳಿಸಬಹುದು. ಈ ವಿದ್ಯೆಯನ್ನು ಹದಗೊಳಿಸಲು ಬ್ರಾಂಡನ್‌ಬುರ್ಗ್ ಮತ್ತೆ ಮತ್ತೆ ಕೇಳಿದ್ದು ಸುಝೇನ್ ವೇಗಾ ಅವರ ‘ಟಾಮ್ಸ್ ಡೈನರ್’ ಎಂಬ ಹಾಡನ್ನು. ಅದರಲ್ಲಿ ವಾದ್ಯವೇ ಇಲ್ಲ, ಇರುವುದು ಒಂಟಿ ಕಂಠ. ತಪ್ಪನ್ನು ಮುಚ್ಚಿಕೊಳ್ಳಲು ಮರೆಯೇ ಇಲ್ಲದ ಬರಿಗೊರಳು ಆರಂಭದ ಎನ್‌ಕೋಡರ್‌ಗಳಿಗೆ ಕಠಿಣ ಪರೀಕ್ಷೆಯಾಗಿತ್ತು. ಒಂದು ಶ್ರುತಿಯ ಆಸರೆಯಲ್ಲಷ್ಟೇ ಸಾಗುವ ಗಮಕ ವಾಚನದ ಹಳೆಯ ಎಂಪಿ3ಗಳು ಕೆಲವೊಮ್ಮೆ ಗಂಟಲು ಒರಟಾದಂತೆ ಕೇಳುವುದರ ಹಿಂದೆಯೂ ಇದೇ ಕಾರಣ ಇರಬಹುದೆಂದು ನನ್ನ ಎಣಿಕೆ.

ಕಡಿಮೆ ಬಿಟ್‌ರೇಟಿನ ಎಂಪಿ3 ನಮ್ಮ ಸಂಗೀತದಲ್ಲಿ ಎಲ್ಲಿ ಸೋಲುತ್ತದೆ ಎಂದು ಕಂಡುಕೊಳ್ಳಲು ದುಬಾರಿ ಸಲಕರಣೆ ಬೇಡ. ಚಂಡೆಯನ್ನೋ ಘಟವನ್ನೋ ಕೇಳಿದರೆ ಸಾಕು. ಎಂಪಿ3 ಧ್ವನಿಯನ್ನು 1,152 ಅಳತೆಗಳ ಚೌಕಟ್ಟುಗಳಾಗಿ, ಅಂದರೆ ಸುಮಾರು 26 ಮಿಲಿಸೆಕೆಂಡಿನ ತುಂಡುಗಳಾಗಿ ಸಂಸ್ಕರಿಸುತ್ತದೆ. ತುಂಡಿನ ನಡುವೆ ಥಟ್ಟನೆ ಪೆಟ್ಟು ಬಿದ್ದರೆ ಒರಟುತನದ ಗೊರಗೊರ ಆ ಇಡೀ ತುಂಡಿಗೆ ಹರಡಿಕೊಳ್ಳುತ್ತದೆ, ಪೆಟ್ಟಿಗಿಂತ ಮುಂಚಿನ ಮೌನಕ್ಕೂ. ಎನ್‌ಕೋಡರ್ ಅಂಥ ಕಡೆ ತುಂಡನ್ನು ಚಿಕ್ಕದು ಮಾಡಿ ತಪ್ಪಿಸಿಕೊಳ್ಳಲು ನೋಡುತ್ತದೆ, ಆದರೆ ಬಿಟ್‌ಗಳು ಸಾಲದಿದ್ದರೆ ಪೂರ್ತಿ ತಪ್ಪಿಸಿಕೊಳ್ಳಲಾಗದು. ಚಂಡೆಯ ಪೆಟ್ಟಿನ ಮೊನೆ ಮೊಂಡಾಗುವುದು ಹೀಗೆ. ತಾಳದ ಕಂಚಿನ ನಾದ 128 ಕೆಬಿಪಿಎಸ್‌ನಲ್ಲಿ ನೀರೊಳಗಿಂದ ಬಂದಂತೆ ಕಲಕಿ ಕೇಳುತ್ತದೆ. 16,000 ಹರ್ಟ್ಸ್‌ನ ಆಸುಪಾಸಿನಿಂದ ಮೇಲಿನದನ್ನು ಎನ್‌ಕೋಡರ್ ಕತ್ತರಿಸಿಯೇ ಬಿಟ್ಟಿರುತ್ತದೆ.

ಇನ್ನೊಂದು ತೊಂದರೆ ಕಛೇರಿಯ ಸಿ.ಡಿ.ಗಳದ್ದು. ರಾಗ, ತಾನ, ಪಲ್ಲವಿಗಳನ್ನು ಬೇರೆ ಬೇರೆ ಟ್ರ್ಯಾಕ್ ಮಾಡಿದ್ದರೂ ಸಿ.ಡಿ.ಯಲ್ಲಿ ನಡುವೆ ಬಿಡುವು ಇರದು, ತಂಬೂರಿ ಒಂದೇ ಸಮ ಹರಿಯುತ್ತದೆ. ಎಂಪಿ3 ಮಾಡಿದಾಗ ಕೊನೆಯ ಚೌಕಟ್ಟು ತುಂಬಿಸಲು ಮೌನವನ್ನು ಸೇರಿಸಬೇಕಾಗುತ್ತದೆ, ಮೊದಲಿಗೂ ಒಂದಿಷ್ಟು ತಡ ಸೇರುತ್ತದೆ. ತಂಬೂರಿಯ ನಾದ ಕಡಿದು ಹತ್ತಿದಂತೆ ಒಂದು ಮುಗ್ಗರಿಕೆ. ಸಿನಿಮಾ ಹಾಡು ಕೇಳುವವರಿಗೆ ಇದು ಗೊತ್ತೇ ಆಗದು. ಶ್ರುತಿಯಲ್ಲಿ ಮುಳುಗಿ ಕೂತವರಿಗೆ ತೂಕಡಿಕೆಯಲ್ಲಿ ತಲೆ ಬಡಿದುಕೊಂಡಂತೆ. ‘ಲೇಮ್’ ಎಂಬ ಉಚಿತ ಎನ್‌ಕೋಡರ್ ಎಷ್ಟು ಮೌನ ಸೇರಿಸಿದೆನೆಂದು ಫೈಲಿನಲ್ಲೇ ಬರೆದಿಡುತ್ತದೆ. ಅದನ್ನು ಓದಬಲ್ಲ ಪ್ಲೇಯರ್ ಇದ್ದರೆ ಈ ಅಂತರ ಮುಚ್ಚುತ್ತದೆ. ಕಾರಿನ ಸ್ಟೀರಿಯೋಗಳು ಬಹುಪಾಲು ಓದುವುದಿಲ್ಲ.

ಇಷ್ಟು ಹೇಳಿದ ಮೇಲೆ ಎಂಪಿ3ಗೆ ನ್ಯಾಯವನ್ನೂ ಸಲ್ಲಿಸಬೇಕು. ಲೇಮ್‌ನಲ್ಲಿ ‘ವಿ2’ ಎಂಬ ಹಂತ ಸುಮಾರು 190 ಕೆಬಿಪಿಎಸ್, ‘ವಿ0’ ಸುಮಾರು 245. ಹಾಡಿನ ಕಷ್ಟ ನೋಡಿ ಬಿಟ್ ಹೆಚ್ಚು ಕಡಿಮೆ ಮಾಡುವ ಈ ಹಂತಗಳಲ್ಲಿ ಮಾಡಿದ ಫೈಲನ್ನು ಮೂಲದಿಂದ ಬೇರ್ಪಡಿಸಿ ಗುರುತಿಸಲು ಹೆಚ್ಚಿನವರಿಗೆ ಆಗದು. ಎರಡನ್ನೂ ಕೇಳಿಸಿ, ಗುರುತು ಹೇಳದೆ ಕೇಳಿಸುವ ಮೂರನೆಯದು ಆ ಎರಡರಲ್ಲಿ ಯಾವುದೆಂದು ಹೇಳಿಸುವ ‘ಎಬಿಎಕ್ಸ್’ ಪರೀಕ್ಷೆಯನ್ನು ಫೂಬಾರ್2000 ಎಂಬ ಉಚಿತ ಪ್ಲೇಯರಿನಲ್ಲಿ ಮನೆಯಲ್ಲೇ ಮಾಡಬಹುದು. ನಾನು ಮನ್ಸೂರರ ಒಂದು ವಿಲಂಬಿತದ ಮೇಲೆ ಮಾಡಿ ನೋಡಿದೆ. 128ನ್ನು ಪ್ರತಿ ಸಲ ಹಿಡಿದೆ, ‘ವಿ0’ ಬಂದಾಗ ನನ್ನ ಉತ್ತರಗಳು ನಾಣ್ಯ ಚಿಮ್ಮಿ ಹೇಳಿದಂತಿದ್ದವು. ಕೇಳುವುದಷ್ಟೇ ಗುರಿಯಾದರೆ ಒಳ್ಳೆಯ ಎಂಪಿ3 ಸಾಕು. ಪರವಾನಗಿಯ ತಕರಾರೂ ಈಗಿಲ್ಲ, ಅದರ ಪೇಟೆಂಟ್ ಪರವಾನಗಿ ಯೋಜನೆ 2017ರ ಏಪ್ರಿಲಿನಲ್ಲಿ ಮುಗಿಯಿತು.

ಎಂಪಿ3ಯ ದಾಯಾದಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 1997ರಲ್ಲಿ ಬಂದ ಎಎಸಿ, ಎಂಪಿ3ಗಿಂತ ಕಡಿಮೆ ಬಿಟ್‌ಗಳಲ್ಲಿ ಅದೇ ಗುಣ ಕೊಡುತ್ತದೆ, ಐಫೋನ್ ಬಳಸುವವರಿಗೆ ಸಹಜ ಆಯ್ಕೆ. ಪೇಟೆಂಟಿನ ಹಂಗು ಬೇಡವೆಂದು ಹುಟ್ಟಿದ್ದು ಆಗ್ ವೋರ್ಬಿಸ್. ಸ್ಪಾಟಿಫೈ ಅದನ್ನು ಬಳಸಿ ಬೆಳೆಯಿತು. 2012ರಲ್ಲಿ ಅಂತರಜಾಲದ ಮಾನಕವಾದ ಓಪಸ್ ಇವೆಲ್ಲಕ್ಕಿಂತ ಜಾಣ. ವಾಟ್ಸ್ಆ್ಯಪ್‌ನಲ್ಲಿ ನಾವು ಕಳಿಸುವ ಧ್ವನಿ ಸಂದೇಶ ಹೋಗುವುದು ಅದರಲ್ಲೇ. ಮೈಕ್ರೋಸಾಫ್ಟಿನ ಡಬ್ಲ್ಯುಎಂಎಯನ್ನು ಇಂದು ಹೊಸದಾಗಿ ಆರಿಸಲು ನನಗೆ ಒಂದೂ ಕಾರಣ ಕಾಣುವುದಿಲ್ಲ.

ಆದರೆ ಈ ದಾಯಾದಿಗಳೆಲ್ಲ ಅಕ್ಕಿ. ಮಿಲ್ಲಿಗೆ ಹಾಕಿ ಹೊಟ್ಟು, ತೌಡು ತೆಗೆದದ್ದು. ಅಕ್ಕಿಯನ್ನು ಉಣ್ಣಬಹುದು, ಬಿತ್ತಲಾಗದು. ಎಂಪಿ3ಯಿಂದ ಎಎಸಿ, ಎಎಸಿಯಿಂದ ಓಪಸ್ ಮಾಡುತ್ತ ಹೋದರೆ ಪ್ರತಿ ಸಲವೂ ಒಂದಷ್ಟು ಹೋಗುತ್ತದೆ, ಜೆರಾಕ್ಸಿನ ಜೆರಾಕ್ಸ್ ತೆಗೆದಂತೆ. ಭತ್ತ ಕಣಜದಲ್ಲಿದ್ದರೆ ಮಾತು ಬೇರೆ. ಬೇಕಾದಾಗ ಅಕ್ಕಿ ಮಾಡಿಸಬಹುದು, ಅವಲಕ್ಕಿ ಕುಟ್ಟಿಸಬಹುದು, ಮಂಡಕ್ಕಿ ಹುರಿಸಬಹುದು. ಇನ್ನು ಹತ್ತು ವರ್ಷಕ್ಕೆ ಯಾವ ಹೊಸ ಫಾರ್ಮ್ಯಾಟ್ ಬಂದೀತೋ, ಆಗಲೂ ಮೂಲದಿಂದಲೇ ಅದನ್ನು ಮಾಡಿಕೊಳ್ಳಬಹುದು. ಸಿ.ಡಿ.ಯನ್ನು ಮತ್ತೆ ಡ್ರೈವಿಗೆ ಹಾಕಬೇಕಿಲ್ಲ.

ಭತ್ತವನ್ನು ಹಾಗೆಯೇ ಇಡುವ ಸರಳ ದಾರಿ ವೇವ್ ಫೈಲು. ಮೈಕ್ರೋಸಾಫ್ಟ್ ಮತ್ತು ಐಬಿಎಂ 1991ರಲ್ಲಿ ತಂದದ್ದು, ಎಲ್ಲೆಡೆ ನುಡಿಯುತ್ತದೆ. ಅದರ ಕೊರತೆ ಎರಡು. ಜಾಗ ಪೂರ್ತಿ ಬೇಕು, ಹಾಡಿನ ಹೆಸರು, ಗಾಯಕರು, ರಾಗ ಇಂಥ ವಿವರಗಳನ್ನು ಒಳಗೇ ಬರೆದಿಡಲು ಎಲ್ಲರೂ ಒಪ್ಪುವ ವ್ಯವಸ್ಥೆ ಇಲ್ಲ. ಈ ಎರಡನ್ನೂ ನೀಗಿಸುವುದು ಫ್ಲ್ಯಾಕ್. ಜಾಶ್ ಕೋಲ್ಸನ್ 2000ದಲ್ಲಿ ಬರೆಯತೊಡಗಿದ ಈ ಮುಕ್ತ ತಂತ್ರಾಂಶದ ಮೊದಲ ಪೂರ್ಣ ಆವೃತ್ತಿ 2001ರ ಜುಲೈನಲ್ಲಿ ಬಂತು. 2024ರ ಡಿಸೆಂಬರಿನಲ್ಲಿ ಅದು ಅಂತರಜಾಲದ ಅಧಿಕೃತ ಮಾನಕಗಳ ಸಾಲಿಗೆ ಸೇರಿತು.

ಏನನ್ನೂ ಕಳೆದುಕೊಳ್ಳದೆ ಫ್ಲ್ಯಾಕ್ ಹೇಗೆ ಕುಗ್ಗಿಸುತ್ತದೆ ಎಂಬುದು ಸೊಗಸಾದ ವಿಷಯ. ತಂಬೂರಿಯ ಅಲೆ ಏರಿಳಿಯುವ ಕ್ರಮ ಗೊತ್ತಿದ್ದರೆ ಮುಂದಿನ ಅಳತೆ ಎಷ್ಟಿರಬಹುದೆಂದು ಹಿಂದಿನ ಕೆಲವು ಅಳತೆಗಳಿಂದ ಊಹಿಸಬಹುದು. ಫ್ಲ್ಯಾಕ್ ಊಹೆಯ ಸೂತ್ರವನ್ನೂ ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನೂ ಬರೆದಿಡುತ್ತದೆ. ವ್ಯತ್ಯಾಸ ಚಿಕ್ಕ ಸಂಖ್ಯೆ, ಅದಕ್ಕೆ ಕಡಿಮೆ ಬಿಟ್ ಸಾಕು. ನುಡಿಸುವಾಗ ಎರಡನ್ನೂ ಕೂಡಿದರೆ ಮೂಲದ ಸಂಖ್ಯೆ ಒಂದೂ ತಪ್ಪದೆ ಮರಳುತ್ತದೆ. ಹೀಗೆ ಫೈಲು ಸಾಮಾನ್ಯವಾಗಿ ಮೂಲದ ಅರ್ಧದಿಂದ ಮುಕ್ಕಾಲಿನೊಳಗೆ ನಿಲ್ಲುತ್ತದೆ. ನನ್ನ ಸಂಗ್ರಹದಲ್ಲಿ ಗಂಟೆಯ ಸಿ.ಡಿ.ಗೆ ಸರಾಸರಿ 350 ಎಂಬಿ, ಮುನ್ನೂರು ಸಿ.ಡಿ.ಗಳಿಗೆ ನೂರೈದು ಜಿಬಿ. ಇಂದಿನ 1 ಟಿಬಿ ಡಿಸ್ಕಿನ ಒಂದು ಮೂಲೆ.

ಈ ಸರಾಸರಿಯ ಒಳಗಿನ ಏರುಪೇರು ನೋಡುವುದೇ ಒಂದು ಪಾಠ. ಹಳೆಯ ಮೋನೋ ಧ್ವನಿಮುದ್ರಣಗಳನ್ನು ಸಿ.ಡಿ. ಮಾಡಿದಾಗ ಎಡ ಬಲ ಎರಡರಲ್ಲೂ ಒಂದೇ ಧ್ವನಿ ಇರುತ್ತದೆ. ಎರಡೂ ಒಂದೇ ಎಂದು ಫ್ಲ್ಯಾಕ್ ಗುರುತಿಸಿ ಒಂದನ್ನಷ್ಟೇ ಬರೆಯುತ್ತದೆ, ಫೈಲು ತೀರಾ ಚಿಕ್ಕದಾಗುತ್ತದೆ. ಆದರೆ 78 ಆರ್‌ಪಿಎಂ ತಟ್ಟೆಯಿಂದ ಎತ್ತಿದ ಹಾಡಿನ ಸರಸರ ಸದ್ದು ಊಹೆಗೆ ಸಿಗದು, ಅದು ಕುಗ್ಗಲು ಒಪ್ಪದು. ಈಚಿನ ಸಿನಿಮಾ ಹಾಡುಗಳು ಮೊದಲಿಂದ ಕೊನೆವರೆಗೆ ಗರಿಷ್ಠ ಸದ್ದಿನಲ್ಲೇ ಇರುವುದರಿಂದ ಅವೂ ಹೆಚ್ಚು ಕುಗ್ಗುವುದಿಲ್ಲ. ಮಂದ್ರದ ವೀಣೆ ಮಾತ್ರ ಅಂಗೈಯಲ್ಲಿ ಹಿಡಿಯುವಷ್ಟಾಗುತ್ತದೆ. ಫ್ಲ್ಯಾಕ್‌ನಲ್ಲಿ 0ರಿಂದ 8ರವರೆಗೆ ಹಂತಗಳಿವೆ. ಅವು ಕಂಪ್ಯೂಟರ್ ಎಷ್ಟು ಹೊತ್ತು ಹುಡುಕಬೇಕು ಎಂಬುದನ್ನು ಹೇಳುತ್ತವೆಯೇ ಹೊರತು ಗುಣಮಟ್ಟವನ್ನಲ್ಲ. ವೇವ್ ಫೈಲು ಫ್ಲ್ಯಾಕ್‌ಗಿಂತ ಇಂಪು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ, ಬಿಚ್ಚಿದ ಮೇಲೆ ಎರಡರಲ್ಲಿರುವ ಸಂಖ್ಯೆಗಳೂ ಒಂದೇ.

ಆ್ಯಪಲ್ 2004ರಲ್ಲಿ ತಂದ ಅಲ್ಯಾಕ್ ಕೂಡ ಇದೇ ಬಗೆಯದು. 2011ರಲ್ಲಿ ಅದನ್ನು ಮುಕ್ತ ತಂತ್ರಾಂಶವಾಗಿ ಬಿಟ್ಟುಕೊಟ್ಟ ಮೇಲೆ ಅದರ ಮೇಲಿನ ಅಂಜಿಕೆಗೂ ಕಾರಣವಿಲ್ಲ. ಮನೆಯಲ್ಲಿ ಎಲ್ಲವೂ ಆ್ಯಪಲ್ ಆಗಿದ್ದರೆ ಅದನ್ನೇ ಇಟ್ಟುಕೊಳ್ಳಲಿ. ಅದರಿಂದ ಫ್ಲ್ಯಾಕ್‌ಗೆ, ಫ್ಲ್ಯಾಕ್‌ನಿಂದ ಅದಕ್ಕೆ ಬದಲಾಯಿಸಿದರೆ ಏನೂ ಹೋಗದು. ಮಂಕೀಸ್ ಆಡಿಯೋ ತುಸು ಹೆಚ್ಚು ಕುಗ್ಗಿಸುತ್ತದೆ, ಆದರೆ ಬಿಚ್ಚುವಾಗ ಹೆಚ್ಚು ದುಡಿಸುತ್ತದೆ, ಅದನ್ನು ನುಡಿಸಬಲ್ಲ ಸಾಧನಗಳೂ ಕಡಿಮೆ. ನನ್ನ ಆಯ್ಕೆ ಫ್ಲ್ಯಾಕ್. ಕಾರಣ ಕುಗ್ಗಿಸುವ ಶಕ್ತಿಗಿಂತ ಇನ್ನೊಂದು: ಮೂಲ ಧ್ವನಿಯ ಎಂಡಿ5 ಎಂಬ ಗುರುತಿನ ಸಂಖ್ಯೆಯನ್ನು ಅದು ಫೈಲಿನ ತಲೆಯಲ್ಲೇ ಬರೆದಿಡುತ್ತದೆ. ಹತ್ತು ವರ್ಷದ ಮೇಲೆ ಡಿಸ್ಕಿನಲ್ಲಿ ಒಂದು ಬಿಟ್ ಕೆಟ್ಟಿದ್ದರೂ ಪರೀಕ್ಷಿಸಿದರೆ ತಿಳಿಯುತ್ತದೆ. ಕಣಜಕ್ಕೆ ಹುಳು ಬಿದ್ದದ್ದು ಗೊತ್ತಾಗಬೇಕಲ್ಲ.

ಫಾರ್ಮ್ಯಾಟಿನ ಚರ್ಚೆಯಲ್ಲಿ ಮರೆತುಹೋಗುವ ಸಂಗತಿಯೊಂದಿದೆ. ಸಿ.ಡಿ.ಯಿಂದ ಎತ್ತಿದ್ದೇ ತಪ್ಪಾಗಿದ್ದರೆ ಫ್ಲ್ಯಾಕ್ ಆ ತಪ್ಪನ್ನೇ ನಿಷ್ಠೆಯಿಂದ ಕಾಪಾಡುತ್ತದೆ. ಸಿ.ಡಿ.ಯ ಒಂದು ಸೆಕ್ಟರ್ 2,352 ಬೈಟು. ಡೇಟಾ ಸಿ.ಡಿ.ಯಾದರೆ ಅದರಲ್ಲಿ 2,048 ಬೈಟು ಮಾತ್ರ ಸರಕು, ಉಳಿದದ್ದರ ಬಹುಪಾಲು ತಪ್ಪು ತಿದ್ದುವ ಇನ್ನೊಂದು ಪದರ. ಆಡಿಯೋ ಸಿ.ಡಿ.ಯಲ್ಲಿ ಆ ಹೆಚ್ಚುವರಿ ಕಾವಲಿಲ್ಲ, 2,352 ಬೈಟೂ ಸಂಗೀತವೇ. ಮೂಲದ ತಿದ್ದುಪಡಿ ವ್ಯವಸ್ಥೆಯೂ ಕೈಚೆಲ್ಲಿದರೆ ಪ್ಲೇಯರ್ ಅಕ್ಕಪಕ್ಕದ ಅಳತೆ ನೋಡಿ ನಡುವಿನದನ್ನು ಕಲ್ಪಿಸಿ ತುಂಬುತ್ತದೆ, ಯಾರಿಗೂ ಹೇಳುವುದಿಲ್ಲ. ಹಾಗಾಗಿ ‘ಎಕ್ಸಾಕ್ಟ್ ಆಡಿಯೋ ಕಾಪಿ’ಯಂಥ ತಂತ್ರಾಂಶ ಬಳಸಬೇಕು, ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ ಇದೆ. ಅನುಮಾನ ಬಂದ ಕಡೆ ಇವು ಮತ್ತೆ ಮತ್ತೆ ಓದಿ ಹೋಲಿಸುತ್ತವೆ. ‘ಆ್ಯಕ್ಯುರೇಟ್‌ರಿಪ್’ ಎಂಬ ಸಾಮೂಹಿಕ ದಾಖಲೆಯಲ್ಲಿ ಅದೇ ಸಿ.ಡಿ.ಯನ್ನು ಇಳಿಸಿದ ಬೇರೆಯವರ ಗುರುತಿನ ಸಂಖ್ಯೆಯೊಂದಿಗೆ ತಾಳೆ ನೋಡಬಹುದು. ನನ್ನ ಹಿಂದೂಸ್ತಾನಿ ಸಿ.ಡಿ.ಗಳಲ್ಲಿ ಹಲವು ಅಲ್ಲಿ ಸಿಕ್ಕವು. ಭಾವಗೀತೆ, ಯಕ್ಷಗಾನದವು ಬಹುತೇಕ ಸಿಗಲಿಲ್ಲ. ಅಂಥವನ್ನು ಎರಡು ಬೇರೆ ಡ್ರೈವ್‌ಗಳಲ್ಲಿ ಓದಿಸಿ ಎರಡೂ ಒಂದೇ ಆದರೆ ಮಾತ್ರ ನಂಬಿದೆ. ಸಿ.ಡಿ. ಒರೆಸುವಾಗ ಸುತ್ತುಸುತ್ತಾಗಿ ಅಲ್ಲ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ತಳಕ್ಕಿಂತ ಹೆಸರು ಬರೆದ ಬದಿಯ ಗೀರೇ ಹೆಚ್ಚು ಅಪಾಯ, ಬೆಳಕು ಪ್ರತಿಫಲಿಸುವ ಪದರ ಇರುವುದು ಅದರ ಕೆಳಗೇ.

ಬೀರುವಿನಲ್ಲಿರುವ ತಟ್ಟೆಗಳೆಲ್ಲ ಆಡಿಯೋ ಸಿ.ಡಿ. ಅಲ್ಲ ಎಂಬುದನ್ನೂ ಗಮನಿಸಬೇಕು. ನೂರಾರು ಹಾಡುಗಳಿರುವ ‘ಎಂಪಿ3 ಸಿ.ಡಿ.’ಗಳು ನಮ್ಮಲ್ಲಿ ಧಾರಾಳವಾಗಿ ಮಾರಾಟವಾದವು. ಅದರಲ್ಲಿರುವುದು ಆಗಲೇ ಅಕ್ಕಿಯಾದದ್ದು. ಅದನ್ನು ಫ್ಲ್ಯಾಕ್ ಮಾಡಿದರೆ ಫೈಲು ಉಬ್ಬುತ್ತದೆ, ಹೋದದ್ದು ಬರುವುದಿಲ್ಲ. ಹಾಗೆಯೇ ಕಾಪಿ ಮಾಡಿ ಇಟ್ಟುಕೊಳ್ಳುವುದೇ ಸರಿ. ವಿ.ಸಿ.ಡಿ.ಯ ಧ್ವನಿಯೂ ಕುಗ್ಗಿಸಿದ್ದೇ, ಎಂಪಿ3ಗೆ ಹತ್ತಿರದ ನೆಂಟನಾದ ಲೇಯರ್ 2ರಲ್ಲಿ. ಸಿ.ಡಿ.ಯಿಂದ ಎತ್ತಿದ 16 ಬಿಟ್ ಧ್ವನಿಯನ್ನು 24 ಬಿಟ್, 96,000ಕ್ಕೆ ಏರಿಸುವುದೂ ಇಂಥದೇ ವ್ಯರ್ಥ ಶ್ರಮ.

ಇನ್ನು ಹೆಸರು ಬರೆಯುವ ಕೆಲಸ. ಇದಕ್ಕೆ ನಾನು ಇಳಿಸುವುದಕ್ಕಿಂತ ಹೆಚ್ಚು ಹೊತ್ತು ಕೊಟ್ಟಿದ್ದೇನೆ, ಆ ಹೊತ್ತಿನ ಬಗ್ಗೆ ನನಗೆ ಬೇಸರವಿಲ್ಲ. ಹಳೆಯ ಎಂಪಿ3ಯ ಐಡಿ3 ಮೊದಲ ಆವೃತ್ತಿಯಲ್ಲಿ ಹಾಡಿನ ಹೆಸರಿಗೆ ಇದ್ದದ್ದು 30 ಬೈಟು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು ಬೇಕು. ‘ಮಲ್ಲಿಕಾರ್ಜುನ’ ಎಂಬಷ್ಟಕ್ಕೇ 36 ಆಗುತ್ತದೆ. ನಾವೆಲ್ಲ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದನ್ನು ಕಲಿತದ್ದು ಇಂಥ ಇಕ್ಕಟ್ಟಿನಲ್ಲಿ. ಯೂನಿಕೋಡ್‌ಗಿಂತ ಮುಂಚಿನ ಕನ್ನಡ ಫಾಂಟುಗಳಲ್ಲಿ ಬರೆದ ಹೆಸರುಗಳು ಆ ಫಾಂಟ್ ಇಲ್ಲದ ಕಡೆ ಕಲಸುಮೇಲೋಗರವಾಗಿ ಕಾಣುತ್ತವೆ. ಈಗ ಆ ಇಕ್ಕಟ್ಟಿಲ್ಲ. ಫ್ಲ್ಯಾಕ್‌ನ ವಿವರಗಳೆಲ್ಲ ಯುಟಿಎಫ್-8ರಲ್ಲೇ ಇರಬೇಕೆಂಬುದು ನಿಯಮ, ಎಷ್ಟುದ್ದ ಬೇಕಾದರೂ ಬರೆಯಬಹುದು. ನಮಗೆ ಬೇಕಾದ ಹೊಸ ಕಲಮುಗಳನ್ನೂ ತೆರೆಯಬಹುದು. ಕಲಮಿನ ಹೆಸರು ಮಾತ್ರ ರೋಮನ್ ಲಿಪಿಯಲ್ಲಿರಬೇಕು, ಒಳಗೆ ತುಂಬುವುದು ಕನ್ನಡವಾಗಬಹುದು. ನಾನು ರಾಗ, ತಾಳ, ಕವಿ, ರಾಗ ಸಂಯೋಜಕರು, ಪಕ್ಕವಾದ್ಯದವರು ಎಂದು ಬೇರೆ ಬೇರೆ ಕಲಮು ಮಾಡಿಕೊಂಡೆ. ಭಾವಗೀತೆಯಲ್ಲಿ ‘ಕಲಾವಿದ’ ಎಂಬ ಒಂದೇ ಖಾನೆಗೆ ಕವಿ, ಸಂಯೋಜಕ, ಗಾಯಕ ಮೂವರನ್ನೂ ತುರುಕಿದರೆ ಯಾರಿಗೂ ನ್ಯಾಯ ಸಿಗದು. ಬೇಂದ್ರೆಯವರ ಹಾಡುಗಳಷ್ಟನ್ನೇ ಒಂದು ಸಂಜೆ ಸಾಲಾಗಿ ಕೇಳಬೇಕೆಂದರೆ ಈಗ ಎರಡು ಗುಂಡಿ ಒತ್ತಿದರಾಯಿತು.

ತಮ್ಮದೇ ಸಿ.ಡಿ.ಯನ್ನು ಇಳಿಸಿಕೊಳ್ಳುವುದು ಕಾನೂನಿಗೆ ವಿರುದ್ಧವೇ ಎಂದು ಕೆಲವರು ಕೇಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, 2012ರ ತಿದ್ದುಪಡಿಯ ನಂತರ, ಖಾಸಗಿ ಬಳಕೆಯ ನ್ಯಾಯೋಚಿತ ಉಪಯೋಗವನ್ನು ಉಲ್ಲಂಘನೆಯಲ್ಲ ಎನ್ನುತ್ತದೆ. ಅದಕ್ಕಾಗಿ ವಿದ್ಯುನ್ಮಾನ ಮಾಧ್ಯಮದಲ್ಲಿ ಇಟ್ಟುಕೊಳ್ಳುವುದನ್ನೂ ಅದು ಒಪ್ಪುತ್ತದೆ, ಮೂಲ ಪ್ರತಿ ಕಳ್ಳ ಪ್ರತಿಯಾಗಿರಬಾರದು ಅಷ್ಟೆ. ಊರಿಗೆಲ್ಲ ಹಂಚುವುದು ಬೇರೆ ಮಾತು.

ಕಣಜ ತುಂಬಿದ ಮೇಲೆ ಬುತ್ತಿ ಕಟ್ಟುವುದು ಸುಲಭ. ಕಾರಿಗೆ, ಅಮ್ಮ ಬೆಳಿಗ್ಗೆ ದೇವರನಾಮ ಕೇಳುವ ಪೆನ್‌ಡ್ರೈವ್ ಪೆಟ್ಟಿಗೆಗೆ ‘ವಿ2’ ಎಂಪಿ3. ಅವು ಅದನ್ನು ಬಿಟ್ಟು ಬೇರೆಯದನ್ನು ಗುರುತಿಸುವುದು ಕಡಿಮೆ. ಕೆಲವು ಪೆಟ್ಟಿಗೆಗಳು ಕನ್ನಡದ ಬದಲು ಚೌಕಗಳನ್ನು ತೋರಿಸುತ್ತವೆ, ಅದಕ್ಕೆ ಫೈಲಿನ ಹೆಸರನ್ನಷ್ಟೇ ಇಂಗ್ಲಿಷಿನಲ್ಲಿ ಕೊಟ್ಟಿದ್ದೇನೆ. ಫೋನಿಗೆ 128 ಕೆಬಿಪಿಎಸ್ ಓಪಸ್. ಫೋನಿನಲ್ಲಿ ಫ್ಲ್ಯಾಕ್ ಹಾಕಿಕೊಂಡು ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳುವವರಿದ್ದಾರೆ, ಆದರೆ ಬ್ಲೂಟೂತ್ ಸಾಮಾನ್ಯವಾಗಿ ಎಲ್ಲವನ್ನೂ ತಾನೇ ಮತ್ತೊಮ್ಮೆ ಕುಗ್ಗಿಸಿ ಕಳಿಸುತ್ತದೆ. ಕಣಜದ ಪ್ರತಿ ಎರಡು ಡಿಸ್ಕಿನಲ್ಲಿದೆ, ಮೂರನೆಯದು ತಂಗಿಯ ಮನೆಯಲ್ಲಿ, ಬೇರೆ ಊರಿನಲ್ಲಿ.

ಶುರು ಮಾಡುವವರಿಗೆ ಯಾವ ಸಿ.ಡಿ. ಮೊದಲು ಎಂಬ ಗೊಂದಲ ಬರುತ್ತದೆ. ನಾನು ಇಷ್ಟದವನ್ನೇ ಮೊದಲು ಹಿಡಿದೆ, ಹಾಗೆ ಮಾಡಬಾರದಿತ್ತು. ಕಾರ್ಖಾನೆಯಲ್ಲಿ ಒತ್ತಿದ ಸಿ.ಡಿ.ಗಳು ಇನ್ನೊಂದು ವರ್ಷ ಕಾಯುತ್ತವೆ. ಮನೆಯಲ್ಲೋ ಅಂಗಡಿಯಲ್ಲೋ ಬರೆದುಕೊಂಡ ಸಿ.ಡಿ.-ಆರ್ ಕಾಯುವುದಿಲ್ಲ, ಅದರಲ್ಲಿ ಮಾಹಿತಿ ಇರುವುದು ಲೇಸರ್ ಸುಟ್ಟ ಬಣ್ಣದ ಪದರದಲ್ಲಿ, ಬಿಸಿಲು ಸೆಕೆಗೆ ಆ ಬಣ್ಣ ಕೆಡುತ್ತದೆ. ಮದುವೆ ಮನೆಯ ಕಛೇರಿ, ಊರ ಜಾತ್ರೆಯ ತಾಳಮದ್ದಳೆ, ಅಜ್ಜಿ ಹೇಳಿದ ಸೋಬಾನೆ ಇರುವುದು ಅವುಗಳಲ್ಲೇ, ಅಂಗಡಿಯಲ್ಲಿ ಅವು ಇನ್ನೊಂದು ಸಿಗುವುದಿಲ್ಲ. ನಮ್ಮಜ್ಜಿಯ ಹಾಡಿನ ಸಿ.ಡಿ.-ಆರ್ ಅಂಚಿನ ಕಡೆ ಮಸುಕಾಗಿತ್ತು. ಹತ್ತು ಹಾಡಿನಲ್ಲಿ ಒಂಬತ್ತು ಪೂರ್ತಿ ಬಂದವು. ಹತ್ತನೆಯದನ್ನು ಮೂರನೆಯ ಡ್ರೈವಿನಲ್ಲಿ, ಅತಿ ನಿಧಾನ ವೇಗದಲ್ಲಿ, ರಾತ್ರಿಯಿಡೀ ಓದಲು ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಕೊನೆಯ ನಾಲ್ಕು ಸೆಕೆಂಡು ಬಿಟ್ಟು ಉಳಿದದ್ದು ಬಂದಿತ್ತು.